ಜರ್ಮನಿಯಲ್ಲಿ ಮಗಳ ಹುಟ್ಟುಹಬ್ಬ, ಯಾವ ದಿನ ಮಾಡೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಮ್ಯೂನಿಕ್‌ಗೆ ಬಂದು ಎರಡು ವರ್ಷ ಆಯ್ತು. ಅಕ್ಟೋಬರ್ ಕೊನೆಗೆ ಮಗಳಿಗೆ 5 ತುಂಬುತ್ತದೆ. ತಾರೀಖು ಬುಧವಾರ ಬಿದ್ದಿದೆ, ಆದರೆ ಅವಳ ಜನ್ಮನಕ್ಷತ್ರ ಹಿಂದಿನ ಶನಿವಾರವೇ ಬರುತ್ತದೆ. ಅವತ್ತೇ ಆರತಿ ಆಗಬೇಕು ಅಂತ ಮೈಸೂರಿನಲ್ಲಿರುವ ಅತ್ತೆಯ ಹಠ. ಇಲ್ಲಿ ಮಧ್ಯಾಹ್ನ 3 ಅಂದರೆ ಅಲ್ಲಿ ಸಂಜೆ 6.30, ವಿಡಿಯೋ ಕಾಲ್‌ಗೂ ಸರಿಹೋಗುತ್ತದೆ, ಹಾಗಾಗಿ ಅವತ್ತೇ ಕಿಂಡರ್‌ಗಾರ್ಟನ್ ಗೆಳೆಯರನ್ನೂ ಕರೆದು ಒಂದೇ ಸಲ ಮುಗಿಸೋಣ ಅಂದುಕೊಂಡಿದ್ದೆ.

ತೊಂದರೆ ಏನಂದರೆ, ಇಲ್ಲಿಯವರಿಗೆ ಹುಟ್ಟಿದ ದಿನಕ್ಕೆ ಮುಂಚೆ ಶುಭಾಶಯ ಹೇಳುವುದೇ ಅಪಶಕುನ. ಹೋದ ವರ್ಷ ಪಕ್ಕದ ಮನೆ ಅಜ್ಜಿಗೆ ಎರಡು ದಿನ ಮೊದಲೇ ಚಾಕೊಲೇಟ್ ಡಬ್ಬ ಹಿಡಿದು 'ಆಲೆಸ್ ಗೂಟೆ' (ಶುಭಾಶಯ) ಅಂದುಬಿಟ್ಟೆ. ಅವರು ಡಬ್ಬ ಹಾಗೇ ವಾಪಸ್ ನನ್ನ ಕೈಗಿಟ್ಟು 'ನಾಡಿದ್ದು ಬಾ' ಅಂದರು!

ತಡವಾಗಿ ಮಾಡಿದರೆ ಯಾರಿಗೂ ಬೇಸರವಿಲ್ಲ. ಸರಿ, ಮುಂದಿನ ಶನಿವಾರ ಅಂತ ಮೂವರು ಅಮ್ಮಂದಿರನ್ನು ಕೇಳಿದೆ, ಇಬ್ಬರು ಶರತ್ಕಾಲದ ರಜೆಗೆ ಊರು ಬಿಡುತ್ತಿದ್ದಾರೆ. ವಯಸ್ಸು ಎಷ್ಟೋ ಅಷ್ಟೇ ಮಕ್ಕಳನ್ನು ಕರೆಯೋದು ಇಲ್ಲಿನ ರೂಢಿ, ಅಂದರೆ ಐದೇ ಜನ, ಅದರಲ್ಲೂ ಇಬ್ಬರು ಇಲ್ಲ ಅಂದರೆ ಏನು ಉಳಿಯಿತು ಹೇಳಿ? ಬುಧವಾರ ಸಂಜೆ ನನಗೆ ಶಿಫ್ಟ್. ಅತ್ತೆಗೆ ಹೇಳಿದರೆ 'ಅವರ ಶಕುನ ನಮಗ್ಯಾಕೆ' ಅಂತಾರೆ, ಸುಮ್ನೆ ಕೂತಿದ್ದೇನೆ.

ಜರ್ಮನಿಯಲ್ಲಿ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ಹೇಳಿ: 'ಇದು ನಮ್ಮ ಪಂಚಾಂಗದ ಹುಟ್ಟುಹಬ್ಬ' ಅಂತ ಆಹ್ವಾನದಲ್ಲೇ ಬರೆದು ಆ ಶನಿವಾರ ಕರೆದರೆ ನಡೆಯುತ್ತಾ, ಅಥವಾ ಅವತ್ತು ಮನೆಯವರಷ್ಟೇ ಆರತಿ ಮಾಡಿ ಪಾರ್ಟಿ ನವೆಂಬರ್‌ಗೆ ತಳ್ಳಲಾ?