ಚಾರ್ಮಾಡಿ ಘಾಟಿ ಹತ್ತುವಾಗ ಇಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಕ್ಲಚ್ ಪ್ಲೇಟ್ ಹೋಯಿತಾ?

ಕೊಟ್ಟಿಗೆಹಾರದವ:
2013ರ ಆಲ್ಟೊ 800, ಪೆಟ್ರೋಲ್, 78,000 ಕಿ.ಮೀ. ಓಡಿದೆ. ಕೆಲಸ ಉಜಿರೆಯಲ್ಲಿ, ಸಂಜೆ ಘಾಟಿ ಹತ್ತಿಯೇ ಮನೆ ಸೇರಬೇಕು. ಈಗೀಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸದ್ದು ಮಾತ್ರ ಜಾಸ್ತಿಯಾಗುತ್ತದೆ, ಸ್ಪೀಡೋಮೀಟರ್ ಮುಳ್ಳು ಅಲ್ಲೇ ಇರುತ್ತದೆ. ಜೊತೆಗೆ ಸುಟ್ಟ ವಾಸನೆ. ಕ್ಲಚ್ ಪೆಡಲನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟ ಮೇಲೆಯೇ ಗಾಡಿ ಕದಲುತ್ತದೆ. ಮಳೆಗಾಲದಲ್ಲಿ ಕ್ಲಚ್ ಕೇಬಲ್ ತುಕ್ಕು ಹಿಡಿದು ಪೆಡಲ್ ಕಲ್ಲಾಗಿತ್ತು, ಹೊಸ ಕೇಬಲ್ ಹಾಕಿಸಿದ್ದೆ. ಇಲ್ಲಿನ ಗ್ಯಾರೇಜಿನವರು ಬಾನೆಟ್ ಕೂಡ ತೆಗೆಯದೆ "ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಒಪ್ಪಿಕೊಳ್ಳಲಾ?

ಉಡುಪಿ ಟ್ಯಾಕ್ಸಿ:
ಕ್ಲಚ್ ಸ್ಲಿಪ್ಪೇ ಇದು, ಹಿಡಿಯದೆ ಜಾರುತ್ತಿದೆ, ಅನುಮಾನವೇ ಬೇಡ. ದಿನಾ ಘಾಟಿ ಹತ್ತುವ ಗಾಡಿ ಅಲ್ವಾ? ಸುಮ್ನೆ ಹೊಸ ಪ್ಲೇಟ್ ಹಾಕಿಸಿಬಿಡಿ.

ಗ್ರೀಸ್ ಕೈ:
ಸ್ವಲ್ಪ ತಡೀರಿ. ಜಾರುತ್ತಿರುವುದು ನಿಜ. ಯಾಕೆ ಜಾರುತ್ತಿದೆ ಅನ್ನುವುದನ್ನು ಗೇರ್‌ಬಾಕ್ಸ್ ಇಳಿಸುವ ಮೊದಲು ನೋಡಬೇಕು. ನನಗೆ ಆ ಹೊಸ ಕೇಬಲ್ ಮೇಲೇ ಅನುಮಾನ.

ಇಂಜಿನ್ ಆಫ್ ಮಾಡಿ, ಬಗ್ಗಿ, ಪೆಡಲನ್ನು ಕೈಯಲ್ಲಿ ಒತ್ತಿ. ಮೊದಲು ಒಂದಿಷ್ಟು ಸಡಿಲವಾಗಿ ಹೋಗಿ ಆಮೇಲೆ ಗಟ್ಟಿ ಸಿಗಬೇಕು. ಅದೇ ಫ್ರೀ ಪ್ಲೇ. ಮುಟ್ಟಿದ ಕೂಡಲೇ ಗಟ್ಟಿ ಸಿಕ್ಕರೆ ಕೇಬಲನ್ನು ಬಿಗಿ ಮಾಡಿದ್ದಾರೆ ಅಂತ ಅರ್ಥ. ಆಗ ನೀವು ಕಾಲಿಡದಿದ್ದರೂ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಪ್ರೆಶರ್ ಪ್ಲೇಟನ್ನು (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ಒತ್ತಿಕೊಂಡೇ ಇರುತ್ತದೆ, ಗಾಡಿ ಇಡೀ ದಿನ ಅರ್ಧ ಹಿಡಿತದ ಹಾಫ್ ಕ್ಲಚ್‌ನಲ್ಲಿ ಓಡುತ್ತದೆ. ಪೆಡಲ್ ಮೇಲಕ್ಕೆ ಬಂದಾಗ ಗಾಡಿ ಕದಲುವುದಕ್ಕೂ ಇದು ಸರಿಹೊಂದುತ್ತದೆ. ಸರಿಮಾಡಲು ಗೇರ್‌ಬಾಕ್ಸ್ ಕಡೆ, ಕೇಬಲ್ ತುದಿಯಲ್ಲಿರುವ ನಟ್ ತಿರುಗಿಸಿದರೆ ಸಾಕು.

ಇನ್ನೊಂದು ಪರೀಕ್ಷೆ. ಸಮತಟ್ಟಾದ ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡಿ. ಇಂಜಿನ್ ತಟ್ಟನೆ ನಿಂತರೆ ಹಿಡಿತ ಇದೆ. ಗಾಡಿ ನಿಂತಲ್ಲೇ ಇದ್ದು ಇಂಜಿನ್ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಮಾಡಿ, ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ. ಇದರಲ್ಲಿ ಪಾಸಾಯಿತು ಅಂತ ನಿಶ್ಚಿಂತೆಯೂ ಬೇಡ. ಸ್ವಲ್ಪವೇ ಜಾರುವ ಕ್ಲಚ್ ಏರಿನಲ್ಲೇ ಸಿಕ್ಕಿಬೀಳುವುದು.

ಶಿರಸಿ ಡೀಸೆಲ್:
ಅಣ್ಣಾ, ನನ್ನದರಲ್ಲಿ ರಿವರ್ಸ್ ಹಾಕುವಾಗ ಕರ್ರ್ ಅನ್ನುತ್ತೆ. ಪೆಡಲನ್ನು ಎರಡು ಸಲ ಪಂಪ್ ಮಾಡಿದರೆ ಸರಿಯಾಗಿ ಬೀಳುತ್ತೆ. ಇದೂ ಕೇಬಲ್ಲಾ?

ಗ್ರೀಸ್ ಕೈ:
ನಿಮ್ಮದು ಪೂರ್ತಿ ಉಲ್ಟಾ ಕಾಯಿಲೆ. ಅವರ ಕ್ಲಚ್ ಹಿಡಿಯುತ್ತಿಲ್ಲ, ನಿಮ್ಮದು ಬಿಡುತ್ತಿಲ್ಲ. ಪಂಪ್ ಮಾಡಿದರೆ ಸರಿಹೋಗುತ್ತೆ ಅಂದರೆ ಅದು ಹೈಡ್ರಾಲಿಕ್ (ಕೇಬಲ್ ಬದಲು ಆಯಿಲ್ ಒತ್ತಡದಲ್ಲಿ ನಡೆಯುವ ಕ್ಲಚ್), ಒಳಗೆ ಗಾಳಿ ಸೇರಿರಬೇಕು ಅಥವಾ ಆ ಆಯಿಲ್ ಇರುವ ಮಾಸ್ಟರ್ ಇಲ್ಲವೇ ಸ್ಲೇವ್ ಸಿಲಿಂಡರ್ ಸೋರುತ್ತಿರಬೇಕು. ಬ್ರೇಕ್ ಆಯಿಲ್ ಮಟ್ಟ ಇವತ್ತೇ ನೋಡಿ. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ.

ಕೊಟ್ಟಿಗೆಹಾರದವ:
ಸರ್, ನೀವು ಹೇಳಿದ್ದು ಸರಿ, ಫ್ರೀ ಪ್ಲೇ ಚೂರೂ ಇರಲಿಲ್ಲ. ಮೂಡಿಗೆರೆಯಲ್ಲಿ ಸಡಿಲ ಮಾಡಿಸಿದೆ, ದುಡ್ಡೂ ತಗೊಳ್ಳಲಿಲ್ಲ. ಒಬ್ಬನೇ ಇದ್ದರೆ ಆರಾಮಾಗಿ ಏರುತ್ತದೆ. ನಿನ್ನೆ ನಾಲ್ಕು ಜನ ಇದ್ದೆವು, ಅಣ್ಣಪ್ಪ ಸ್ವಾಮಿ ಗುಡಿ ದಾಟಿದ ಮೇಲೆ ಮತ್ತೆ ಅದೇ ವಾಸನೆ.

ಗ್ರೀಸ್ ಕೈ:
ಹಾಗಾದರೆ ಬಿಗಿ ಕೇಬಲ್‌ನಲ್ಲಿ ಓಡಿ ಪ್ಲೇಟ್ ಸುಟ್ಟಿದೆ. ಈಗ ಗೇರ್‌ಬಾಕ್ಸ್ ಇಳಿಸಿ. ಕೂಲಿ ಎಲ್ಲ ಇಳಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಎದುರಿಗೇ ನಿಂತು ಹಳೇ ಪ್ಲೇಟ್ ಕೇಳಿ ನೋಡಿ. ರಿವೆಟ್ ತಲೆ ಮಟ್ಟಕ್ಕೆ ಸವೆದಿದ್ದರೆ ಆಯಸ್ಸು ಮುಗಿದಿದೆ. ಎಣ್ಣೆ ಅಂಟಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸ್ ಸೀಲ್ ಸೋರುತ್ತಿದೆ. ಅದನ್ನು ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ನೆನೆಯುತ್ತದೆ. ಫ್ಲೈವೀಲ್ (ಪ್ಲೇಟ್ ಒತ್ತಿ ಕೂರುವ ಇಂಜಿನ್ ಚಕ್ರ) ಮೇಲೆ ಬಿಸಿಯಿಂದಾದ ನೀಲಿ ಕಲೆ, ಬಿರುಕು ಇದೆಯಾ ನೋಡಿ.

ಹೊಸ ಸೆಟ್ ಕೂರಿಸಿದ ಮೇಲೆ ಫ್ರೀ ಪ್ಲೇ ಮತ್ತೆ ಅಡ್ಜಸ್ಟ್ ಮಾಡಿಸಿ. ಹಳೇ ಅಳತೆ ಹೊಸ ಪ್ಲೇಟಿಗೆ ಆಗುವುದಿಲ್ಲ. ಅಂದ ಹಾಗೆ, ಘಾಟಿಯಲ್ಲಿ ಎಡಗಾಲು ಎಲ್ಲಿರುತ್ತದೆ? ಕ್ಲಚ್ ಪೆಡಲ್ ಮೇಲೇ ಇಟ್ಟುಕೊಂಡಿರುತ್ತೀರಾ?