ಪ್ರಶ್ನೋತ್ತರ: ಮೊಹರಂ ಕುರಿತ ಕಿರುಪ್ರಬಂಧಕ್ಕೆ ವಿಷಯವನ್ನು ಆರಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ):

ಮೇಡಂ, ನಮಸ್ಕಾರ. ನಾನು ಧರ್ಮಾಧ್ಯಯನವನ್ನು ಮುಖ್ಯ ವಿಷಯವಾಗಿ ಓದುತ್ತಿದ್ದು, ಮಾರ್ಚ್ ತಿಂಗಳೊಳಗೆ ಐವತ್ತು ಪುಟಗಳ ಕಿರುಪ್ರಬಂಧವನ್ನು ಒಪ್ಪಿಸಬೇಕಾಗಿದೆ. ರಾಯಚೂರು ಜಿಲ್ಲೆಯ ನಮ್ಮ ಊರಿನಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಆದರೂ ಮೊಹರಂ ತಪ್ಪದೆ ನಡೆಯುತ್ತದೆ. ನಮ್ಮ ಅಜ್ಜ ಹರಕೆ ಹೊತ್ತು ಹಬ್ಬದ ದಿನಗಳಲ್ಲಿ ಫಕೀರರಾಗುತ್ತಿದ್ದರು, ಅವ್ವ ಈಗಲೂ ಚೊಂಗೆ ಎಂಬ ಸಿಹಿ ತಿನಿಸು ಮಾಡಿ ಸಕ್ಕರೆ ಓದಿಸುತ್ತಾಳೆ. ಹಾಗಾಗಿ ‘ಕರ್ನಾಟಕದಲ್ಲಿ ಹಿಂದೂ-ಮುಸ್ಲಿಂ ಧಾರ್ಮಿಕ ಸೌಹಾರ್ದ’ ಎಂಬ ವಿಷಯವನ್ನು ಬರೆದುಕೊಟ್ಟೆ. ಬಹಳ ವಿಶಾಲವಾಯಿತೆಂದು ಮಾರ್ಗದರ್ಶಕರು ಹಿಂದಿರುಗಿಸಿದ್ದಾರೆ. ಇದನ್ನು ಕಿರಿದಾಗಿಸುವುದು ಹೇಗೆ? ಸ್ವಂತ ಮನೆಯ ಸಂಗತಿಯನ್ನು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ (ಧರ್ಮಾಧ್ಯಯನದ ಪ್ರಾಧ್ಯಾಪಕಿ):

ನಿಮ್ಮ ಮಾರ್ಗದರ್ಶಕರ ಮಾತು ನಿಜ. ಆದರೆ ವಿಷಯ ವಿಶಾಲವಾಗಿರುವುದಕ್ಕಿಂತ, ಅದರೊಳಗೆ ಪ್ರಶ್ನೆಯೇ ಇಲ್ಲದಿರುವುದು ನನ್ನನ್ನು ಹೆಚ್ಚು ಕಾಡುತ್ತಿದೆ. ಸೌಹಾರ್ದವೆಂಬುದು ಅಧ್ಯಯನ ಮುಗಿದ ಮೇಲೆ ಬೇಕಿದ್ದರೆ ಹೇಳಬಹುದಾದ ತೀರ್ಮಾನ. ಅದನ್ನೇ ಶೀರ್ಷಿಕೆಯಾಗಿ ಇಟ್ಟುಕೊಂಡು ಹೊರಟರೆ ಅದಕ್ಕೆ ಒಪ್ಪುವ ಸಂಗತಿಗಳಷ್ಟೇ ಕಣ್ಣಿಗೆ ಬೀಳುತ್ತವೆ. ಪಂಜಾ (ಹಸ್ತದ ಆಕಾರದ ಲಾಂಛನ) ಹಿಡಿಯುವ ಹಕ್ಕು ಯಾವ ಮನೆತನದ್ದು, ಅಲಾಯಿ ಕುಣಿಯನ್ನು (ಹಬ್ಬದ ಬೆಂಕಿಯ ಗುಂಡಿಯನ್ನು) ತೋಡುವವರು ಯಾರು, ಹಲಗೆ ಬಾರಿಸುವವರು ಎಲ್ಲಿಯವರೆಗೆ ಬರಬಹುದು, ಇಂತಹ ಆಚರಣೆಯನ್ನು ಮುಸ್ಲಿಮರಲ್ಲಿಯೇ ಕೆಲವರು ಏಕೆ ಒಪ್ಪುವುದಿಲ್ಲ ಎಂಬುವೆಲ್ಲ ಆ ಒಂದು ಪದದ ಮರೆಯಲ್ಲಿ ಉಳಿದುಬಿಡುತ್ತವೆ.

ನಿಮ್ಮ ಪತ್ರದಲ್ಲಿಯೇ ಇದಕ್ಕಿಂತ ಒಳ್ಳೆಯ ವಿಷಯವೊಂದಿದೆ. ಅವ್ವ ಸಕ್ಕರೆ ‘ಓದಿಸುತ್ತಾಳೆ’ ಎಂದು ಬರೆದಿದ್ದೀರಿ. ಓದಿಸುವವರು ಇದ್ದ ಮೇಲೆ ಓದುವವರು ಒಬ್ಬರು ಇರಲೇಬೇಕಲ್ಲವೇ? ಊರಿನಲ್ಲಿ ಮುಸ್ಲಿಂ ಮನೆಯೇ ಇಲ್ಲದಿರುವಾಗ ಆ ಸಕ್ಕರೆಯ ಮೇಲೆ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದುವವರು ಯಾರು?

ಪ್ರಶ್ನೆ:

ಮೇಡಂ, ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ಅವ್ವನನ್ನು ಕೇಳಿದೆ. ಮೊದಲು ಪಕ್ಕದ ಊರಿನಿಂದ ಮುಲ್ಲಾ ಒಬ್ಬರು ಬರುತ್ತಿದ್ದರಂತೆ. ಅವರಿಗೆ ವಯಸ್ಸಾಗಿ ನಡೆಯಲಾಗದಂತಾದ ಮೇಲೆ ನಮ್ಮ ಊರಿನ ಕುರುಬರ ಹಿರಿಯರೊಬ್ಬರು ಓದುತ್ತಿದ್ದಾರೆ. ಅವರು ಅದನ್ನು ಮುಲ್ಲಾ ಅವರಿಂದಲೇ ಕಲಿತರೆಂದು ಅವ್ವ ಹೇಳುತ್ತಾಳೆ. ಆದರೆ ಈ ವರ್ಷದ ಮೊಹರಂ ಮುಗಿದುಹೋಗಿದೆಯಲ್ಲ?

ಉತ್ತರ:

ಹಾಗಾದರೆ ನಿಮ್ಮ ವಿಷಯ ಸಿಕ್ಕಿತು. ‘ಮುಸ್ಲಿಮರಿಲ್ಲದ ಊರಿನಲ್ಲಿ ಓದುವ ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಬಗೆ’ ಎಂಬುದು ಒಂದು ಊರು, ಇಬ್ಬರು ವ್ಯಕ್ತಿಗಳು ಮತ್ತು ಕೆಲವು ಮನೆಗಳಷ್ಟರಲ್ಲಿ ನಿಲ್ಲುವ, ಐವತ್ತು ಪುಟಗಳಿಗೆ ಒಗ್ಗುವ ಪ್ರಶ್ನೆ. ಇದರ ಉತ್ತರವೇನೆಂದು ನಿಮಗೂ ಇನ್ನೂ ತಿಳಿಯದು. ಕಲಿಸಿದವರು ಏನನ್ನು ಕಲಿಸಿದರು, ಅರಬ್ಬಿ ಪದಗಳನ್ನೋ, ಕನ್ನಡದ ಮಾತುಗಳನ್ನೋ, ಓದುವಾಗ ಕೈಗಳನ್ನು ಹಿಡಿದುಕೊಳ್ಳುವ ಕ್ರಮವನ್ನೋ? ಕಲಿತ ಹಿರಿಯರು ಓದಿದ ಸಕ್ಕರೆಯನ್ನು ಎಲ್ಲ ಮನೆಯವರೂ ಒಪ್ಪಿಕೊಂಡರೇ, ಅಥವಾ ಕೆಲವರು ಇಂದಿಗೂ ಪಕ್ಕದ ಊರಿಗೇ ಹೋಗುತ್ತಾರೆಯೇ? ಆ ಹಿರಿಯರು ತಮ್ಮ ಮನೆದೇವರ ಪೂಜೆಯನ್ನೂ ಮಾಡುವುದಾದರೆ ಈ ಎರಡು ಕೆಲಸಗಳ ಸಂಬಂಧವನ್ನು ಅವರು ಯಾವ ಮಾತಿನಲ್ಲಿ ಹೇಳುತ್ತಾರೆ? ಇದು ನಿಜವಾದ ಇಸ್ಲಾಮೋ ಅಲ್ಲವೋ ಎಂದು ತೀರ್ಪು ಕೊಡುವುದು ನಮ್ಮ ಶಿಸ್ತಿನ ಕೆಲಸವಲ್ಲ. ಆ ತೀರ್ಪನ್ನು ಊರಿನವರು ಹೇಗೆ ಕೊಟ್ಟುಕೊಳ್ಳುತ್ತಾರೆಂದು ನೋಡುವುದು ನಮ್ಮ ಕೆಲಸ.

‘ಸಮನ್ವಯ’ ಎಂಬ ಪದವನ್ನು ಕೂಡ ಎಚ್ಚರದಿಂದ ಬಳಸಿರಿ. ಮೊದಲು ಎರಡು ಶುದ್ಧ ಧರ್ಮಗಳಿದ್ದು ಆಮೇಲೆ ಅವು ಬೆರೆತವೆಂಬ ಊಹೆ ಆ ಪದದೊಳಗೆ ಅಡಗಿದೆ ಎಂದು ವಿದ್ವಾಂಸರು ಬಹುಕಾಲದಿಂದ ಆಕ್ಷೇಪಿಸುತ್ತಾ ಬಂದಿದ್ದಾರೆ. ನಿಮ್ಮ ಅವ್ವನಿಗೆ ತಾನು ಎರಡನ್ನು ಬೆರೆಸುತ್ತಿದ್ದೇನೆಂದು ಅನಿಸುತ್ತದೆಯೇ ಎಂದು ಕೇಳಿ ನೋಡಿರಿ.

ಕಾಲದ ವಿಚಾರ. ಇಸ್ಲಾಮಿನ ಹಿಜರಿ ವರ್ಷ ಚಾಂದ್ರಮಾನದ್ದಾದ್ದರಿಂದ ಮೊಹರಂ ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ. ಆದರೂ ಮುಂದಿನದು ನಿಮ್ಮ ಮಾರ್ಚ್ ತಿಂಗಳ ನಂತರವೇ. ಆದ್ದರಿಂದ ಹಬ್ಬವನ್ನು ವರ್ಣಿಸುವ ಆಸೆಯನ್ನು ಬಿಟ್ಟು ಸಂದರ್ಶನಗಳನ್ನು ಆಧರಿಸಿರಿ. ಕತ್ತಲ ರಾತ್ರಿಯ (ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿಯ) ಮತ್ತು ಪಂಜಾಗಳನ್ನು ಬೀಳ್ಕೊಡುವ ದಫನದ ದಿನದ ವಿಡಿಯೋಗಳು ಊರಿನ ಯುವಕರ ಮೊಬೈಲುಗಳಲ್ಲಿ ಇರಬಹುದು. ಅನುಮತಿ ಪಡೆದು ಅವನ್ನು ಸಂಗ್ರಹಿಸಿರಿ. ರಿವಾಯತ್ ಪದಗಳನ್ನು (ಮೊಹರಂ ಹಾಡುಗಳನ್ನು) ಹಾಡುವವರು ಸಿಕ್ಕರೆ ಪದಗಳನ್ನು ಬರೆದುಕೊಳ್ಳಿರಿ, ಆದರೆ ಅದು ಇನ್ನೊಂದು ಪ್ರಬಂಧಕ್ಕಾಗುವಷ್ಟು ದೊಡ್ಡ ವಿಷಯ. ಹೆಸರಾಂತ ಆಚರಣೆಯೆಂದು ಮುದಗಲ್ಲಿಗೂ ಹೋಗಬೇಡಿರಿ. ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ, ಮೊಹರಂನಲ್ಲಿ ನೆನೆಯುವ 680ರ ಕರ್ಬಲಾ ಯುದ್ಧಕ್ಕೂ, ಹಲವು ಅರಸರು ಷಿಯಾ ಮತವನ್ನು ಅನುಸರಿಸಿದ, 1686ರಲ್ಲಿ ಅಳಿದ ಬಿಜಾಪುರದ ಆದಿಲ್‌ಶಾಹಿಗಳಿಗೂ ಸೇರಿ ನಾಲ್ಕು ಪುಟ ಸಾಕು. ಚರಿತ್ರೆಯನ್ನೇ ಮೂವತ್ತು ಪುಟ ತುಂಬಿಸಿ ಕೊನೆಗೆ ಊರಿಗೆ ಬರುವ ಪ್ರಬಂಧಗಳನ್ನು ನಾನು ಪ್ರತಿವರ್ಷ ಓದುತ್ತೇನೆ, ಓದಿ ಬೇಸರಪಡುತ್ತೇನೆ.

ಸ್ವಂತ ಮನೆಯ ಬಗ್ಗೆ ಖಂಡಿತವಾಗಿ ಬರೆಯಬಹುದು. ಆದರೆ ನೀವು ಯಾರ ಮಗಳೆಂಬುದನ್ನು ಮೊದಲ ಅಧ್ಯಾಯದಲ್ಲಿಯೇ ಹೇಳಿರಿ, ಅವ್ವನ ಒಪ್ಪಿಗೆಯನ್ನೂ ಇತರರಿಂದ ಕೇಳುವಂತೆಯೇ ಕೇಳಿರಿ, ಗೊತ್ತಿದೆಯೆಂದುಕೊಂಡದ್ದನ್ನೂ ಬಾಯಿಬಿಟ್ಟು ಕೇಳಿರಿ. ಓದುವ ಹಿರಿಯರ ಹೆಸರನ್ನೂ ಊರಿನ ಹೆಸರನ್ನೂ ಬದಲಿಸಿರಿ. ಅವರು ಈ ಕೆಲಸ ಮಾಡುವುದನ್ನು ಹೊರಗಿನವರು ಪ್ರಶ್ನಿಸುವಂತಾದರೆ ಅದರ ಹೊರೆ ಅವರ ಮೇಲೆ ಬೀಳುತ್ತದೆ.

ಶೀರ್ಷಿಕೆಯನ್ನು ತಿದ್ದುತ್ತಾ ಕುಳಿತುಕೊಳ್ಳಬೇಡಿರಿ. ಪಕ್ಕದ ಊರಿನ ಮುಲ್ಲಾ ಅವರಿಗೆ ವಯಸ್ಸಾಗಿದೆ ಎಂದಿದ್ದೀರಿ. ಈ ವಾರವೇ ಅವ್ವನನ್ನು ಕರೆದುಕೊಂಡು ಅವರ ಮನೆಗೆ ಹೋಗಿಬನ್ನಿರಿ.