ಅಪ್‌ಡೇಟ್: 48ನೇ ಹೈಲ್ಯಾಂಡರ್ಸ್ ಸಿಪಾಯಿಗಳ ದಾಖಲೆ ಸಿಕ್ಕಿತು

ಟೊರೊಂಟೊದ 48ನೇ ಹೈಲ್ಯಾಂಡರ್ಸ್ ರೆಜಿಮೆಂಟಿನಿಂದ ಮೊದಲ ಮಹಾಯುದ್ಧಕ್ಕೆ ಹೋದ ಸಾಮಾನ್ಯ ಸಿಪಾಯಿಗಳ ವಿವರ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ‘15ನೇ ಬೆಟಾಲಿಯನ್ ಎಂದು ಹುಡುಕಿ’ ಎಂಬ ಸಲಹೆಯಿಂದಲೇ ದಾರಿ ಸಿಕ್ಕಿತು. 1914ರಲ್ಲಿ ಕೆನಡಾದಿಂದ ಹೊರಟ ಬೆಟಾಲಿಯನ್‌ಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಿದ್ದರು; 48ನೇ ಹೈಲ್ಯಾಂಡರ್ಸ್‌ನವರು ಹೋದದ್ದು 15ನೇ ಬೆಟಾಲಿಯನ್ ಎಂಬ ಹೆಸರಿನಲ್ಲಿ.

ಆ ಯುದ್ಧದ ಆರು ಲಕ್ಷಕ್ಕೂ ಹೆಚ್ಚು ಸೇವಾ ಕಡತಗಳನ್ನು (ಒಬ್ಬೊಬ್ಬರ ಸೈನ್ಯದ ದಾಖಲೆ) ಕೆನಡಾದ ರಾಷ್ಟ್ರೀಯ ಪತ್ರಾಗಾರ ಸ್ಕ್ಯಾನ್ ಮಾಡಿ ಉಚಿತವಾಗಿ ತೆರೆದಿಟ್ಟಿದೆ. ಬೆಟಾಲಿಯನ್ನಿನ ಯುದ್ಧ ದಿನಚರಿಯಲ್ಲಿ ಅಧಿಕಾರಿಗಳಿಗೆ ಹೆಸರುಂಟು, ಸಿಪಾಯಿಗಳು ಬಹುಮಟ್ಟಿಗೆ ಬರೀ ಲೆಕ್ಕ. ಮನುಷ್ಯ ಸಿಗುವುದು ಕಡತದಲ್ಲಿ: ಹುಟ್ಟೂರು, ಕಸುಬು, ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಮಚ್ಚೆ. (ಕಸುಬಿನ ಅಂಕಣ ಓದುತ್ತ ಕುಳಿತರೆ ಊಟದ ಹೊತ್ತು ಮೀರುತ್ತದೆ, ಎಚ್ಚರ.) ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಬಳದ ಹಾಳೆ. ದಿನಕ್ಕೆ 1 ಡಾಲರ್, ರಣರಂಗದ ಭತ್ಯೆ 10 ಸೆಂಟ್. ಅದರಲ್ಲೇ ಒಂದು ಪಾಲು ತಿಂಗಳು ತಿಂಗಳು ತಾಯಿಗೋ ಹೆಂಡತಿಗೋ ಹೋಗುತ್ತಿತ್ತು.

1915ರ ಏಪ್ರಿಲ್ 24ರಂದು ಬೆಲ್ಜಿಯಂನ ಈಪ್ರ್ ಬಳಿ ಈ ಬೆಟಾಲಿಯನ್ ಕ್ಲೋರಿನ್ ಅನಿಲದ ದಾಳಿಗೆ ಸಿಕ್ಕಿತು. ಮುಖವಾಡವಿಲ್ಲ, ಮೂಗಿಗೆ ಒದ್ದೆ ಬಟ್ಟೆಯಷ್ಟೇ. ಕೈಯಲ್ಲಿ ಪದೇ ಪದೇ ಸಿಕ್ಕಿಕೊಂಡು ಗುಂಡು ಹಾರದಂತಾಗುವ ರಾಸ್ ರೈಫಲ್. ಆ ದಿನಾಂಕದ ಮುಂದೆ ‘ಕಾಣೆಯಾಗಿದ್ದಾನೆ’ ಎಂದಿದ್ದರೆ ಸತ್ತನೆಂದು ತೀರ್ಮಾನಿಸದೆ ಮುಂದಿನ ಪುಟಗಳನ್ನೂ ನೋಡಿ; ಹಲವರು ಜರ್ಮನರ ಸೆರೆಯಾಗಿದ್ದರು. ಬೆಲ್ಜಿಯಂನಲ್ಲಿ ಸತ್ತು ಸಮಾಧಿ ಪತ್ತೆಯಾಗದವರ ಹೆಸರುಗಳು ಈಪ್ರ್‌ನ ಮೆನಿನ್ ಗೇಟ್ ಸ್ಮಾರಕದಲ್ಲಿವೆ.

ಎರಡನೇ ಮಹಾಯುದ್ಧದ ಬಗ್ಗೆ ಕೇಳಿದ್ದವರಿಗೆ: ಮಡಿದವರ ಕಡತಗಳು ಮುಕ್ತವಾಗಿವೆ, ಬದುಕಿ ಬಂದವರದ್ದಕ್ಕೆ ನಿರ್ಬಂಧವಿದೆ, ಅರ್ಜಿ ಹಾಕಬೇಕು.